ತೋಟವೇ ಪಿಂಚಣಿ ಅಂತ ಕೂರಬೇಡಿ: 40 ತುಂಬುವ ಮೊದಲು ಮಾಡಬೇಕಾದ ಕೆಲಸ

ಕಳೆದ ಸಲ ಕರಿಮೆಣಸು ಕೊಯ್ಯಲು ಆಳು ಸಿಗದೆ ನಮ್ಮಪ್ಪನೇ ಏಣಿ ಹತ್ತಿದರು. ವಯಸ್ಸು 68. "ಅಪ್ಪ, ಇಳೀರಿ" ಅಂದ್ರೆ, "ಸುಮ್ನೆ ಕೂತ್ರೆ ಔಷಧಿಗೆ ದುಡ್ಡು ಎಲ್ಲಿಂದ ಬರುತ್ತೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊಡಗಿನಲ್ಲಿ ನಾವು ತೋಟವನ್ನೇ ಪಿಂಚಣಿ ಅಂದುಕೊಂಡಿದ್ದೇವೆ. ಆದರೆ ತೋಟ ಹಣ ಕೊಡೋದು ಮೈ ಬಗ್ಗುವ ತನಕ ಮಾತ್ರ.

ರೈತರಿಗೆ ಏನಿದೆ?

2019ರಲ್ಲಿ ಬಂದ ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆಗೆ 18ರಿಂದ 40 ವರ್ಷದೊಳಗಿನ, 2 ಹೆಕ್ಟೇರ್ (ಸುಮಾರು 5 ಎಕರೆ) ವರೆಗೆ ಜಮೀನಿರುವ ರೈತರು ಸೇರಬಹುದು. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು. ಕೇಂದ್ರ ಸರ್ಕಾರವೂ ಅಷ್ಟೇ ಹಾಕುತ್ತದೆ. 60ರ ನಂತರ ತಿಂಗಳಿಗೆ 3,000 ರೂಪಾಯಿ. ಇಪಿಎಫ್, ಎನ್‌ಪಿಎಸ್ ಇದ್ದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ ಇದು ಸಿಗುವುದಿಲ್ಲ.

ನಮ್ಮಲ್ಲಿ ತೊಡಕು ಬೇರೆ. ಭೂ ದಾಖಲೆಯಲ್ಲಿ ನಿಮ್ಮ ಹೆಸರಿರಬೇಕು. ಜಮ್ಮಾ ಜಾಗದ ಒಟ್ಟು ಕುಟುಂಬಗಳಲ್ಲಿ ಪಹಣಿ ಪಟ್ಟೆದಾರರ ಹೆಸರಿನಲ್ಲಿ ನಡೆಯುತ್ತೆ. ತೋಟದಲ್ಲಿ ದುಡಿಯುವ ಹುಡುಗನ ಹೆಸರು ಎಷ್ಟೋ ಕಡೆ ಇರಲ್ಲ. ನನ್ನದೂ ಅದೇ ಕಥೆ.

ಪಹಣಿ ಕೇಳದ ದಾರಿ

ಅಟಲ್ ಪಿಂಚಣಿ ಯೋಜನೆ. ಉಳಿತಾಯ ಖಾತೆ ಇದ್ದರೆ ಸಾಕು. ಇಲ್ಲೂ ವಯಸ್ಸು 18ರಿಂದ 40, ತೆರಿಗೆ ಕಟ್ಟುವವರು ಸೇರುವಂತಿಲ್ಲ. 60ರ ನಂತರ ತಿಂಗಳಿಗೆ 5,000 ರೂಪಾಯಿ ಬೇಕಾದರೆ ತಿಂಗಳ ಕಂತು ಹೀಗಿದೆ:

20ಕ್ಕೆ ಸೇರಿದರೆ 248 ರೂಪಾಯಿ
30ಕ್ಕೆ ಸೇರಿದರೆ 577 ರೂಪಾಯಿ
35ಕ್ಕೆ ಸೇರಿದರೆ 902 ರೂಪಾಯಿ

ನಾನು ಸೇರಿದ್ದು 35ಕ್ಕೆ. ತಡ ಮಾಡಿದ್ದಕ್ಕೆ ದಂಡ ಎಷ್ಟು ಅಂತ ನೋಡಿ. ಕಾಫಿ ದುಡ್ಡು ವರ್ಷಕ್ಕೊಮ್ಮೆ ಬರೋದರಿಂದ ಆರು ತಿಂಗಳ ಕಂತು ಆರಿಸಿಕೊಳ್ಳಿ. ಕಾಫಿ ಮಾರಿದಾಗಲೇ ವರ್ಷದ ಹಣ ಆ ಖಾತೆಯಲ್ಲಿ ಬಿಟ್ಟುಬಿಡಿ.

ಸರ್ಕಾರ ತಿದ್ದಬೇಕಾದ್ದು

ಈ ಎರಡೂ ಪಿಂಚಣಿ ಬೆಲೆ ಏರಿದಂತೆ ಏರುವುದಿಲ್ಲ. ವರ್ಷಕ್ಕೆ ಶೇ. 5ರಂತೆ ಬೆಲೆ ಏರಿದರೆ, 30 ವರ್ಷದ ನಂತರದ 5,000 ಇವತ್ತಿನ ಸುಮಾರು 1,150 ರೂಪಾಯಿಗೆ ಸಮ. ಅಷ್ಟರಲ್ಲಿ ಒಬ್ಬರ ಔಷಧಿಯೂ ಬರಲಿಕ್ಕಿಲ್ಲ. ಹಾಗಾಗಿ ಪಿಂಚಣಿಯನ್ನು ಬೆಲೆಗೆ ಜೋಡಿಸಬೇಕು. ಪಹಣಿಯಲ್ಲಿ ಹೆಸರಿಲ್ಲದೆ ದುಡಿಯುವವರನ್ನೂ ರೈತರೆಂದು ಎಣಿಸಬೇಕು. 40 ದಾಟಿದವರಿಗೂ ಬಾಗಿಲು ತೆರೆಯಬೇಕು. ಗ್ರಾಮಸಭೆಯಲ್ಲಿ ಇದನ್ನು ಕೇಳಿ.

ಅದು ಆಗುವ ತನಕ ಕಾಯಬೇಡಿ. ಈ ವಾರ ಬ್ಯಾಂಕಿಗೆ ಹೋದಾಗ ಅಟಲ್ ಅರ್ಜಿ ತುಂಬಿ. ಕಾಫಿಗೆ ಒಳ್ಳೆ ರೇಟ್ ಬಂದ ವರ್ಷ ಅಂಚೆ ಕಚೇರಿಯ ಪಿಪಿಎಫ್ ಖಾತೆಗೂ ಒಂದಿಷ್ಟು ಹಾಕಿ. ಅದಕ್ಕೆ ವರ್ಷಕ್ಕೆ ಕನಿಷ್ಠ 500 ರೂಪಾಯಿ ಸಾಕು.

ನಮ್ಮಪ್ಪನಿಗೆ ಈ ದಾರಿ ಇನ್ನಿಲ್ಲ. ಅವರ ಔಷಧಿ ಖರ್ಚು ಈಗ ನನ್ನ ಲೆಕ್ಕದಲ್ಲಿದೆ. ನನ್ನ 68ಕ್ಕೆ ಏಣಿ ಹತ್ತುವ ಪರಿಸ್ಥಿತಿ ಬರಬಾರದು, ಅಷ್ಟೇ.