ಹೈದರಾಬಾದಿನ ಇರುಳಿನಲ್ಲಿ ತಾರೆಗಳ ಜಾಡು

ನಗರದ ಮಾಳಿಗೆಯ ಮೇಲೆ ನಿಂತು ನಕ್ಷತ್ರಗಳ ಜಾಡನ್ನು ಛಾಯಾಚಿತ್ರದಲ್ಲಿ ಹಿಡಿಯುವ ಹವ್ಯಾಸವು ಈಚೆಗೆ ತರುಣರಲ್ಲಿ ಹಬ್ಬುತ್ತಿದೆ. ಇಂಥ ಚಿತ್ರದಲ್ಲಿ ತಾರೆಗಳು ಚುಕ್ಕೆಗಳಾಗಿರದೆ ಬಿಲ್ಲಿನಂತೆ ಬಾಗಿದ ಗೆರೆಗಳಾಗಿರುತ್ತವೆ. ಆಕಾಶದ ಚಿತ್ರ ತೆಗೆಯುವ ಕೆಲಸ ಈ ಊರಿಗೆ ಹೊಸದಲ್ಲವೆಂಬುದನ್ನು, ಬೇಗಂಪೇಟೆಯ ದಾರಿಯಲ್ಲಿ ನಿತ್ಯ ಓಡಾಡುವ ನಮ್ಮವರಲ್ಲಿಯೂ ಅನೇಕರು ಅರಿಯರು.

ನವಾಬ್ ಜಫರ್ ಜಂಗರು ೧೯೦೧ರಲ್ಲಿ ಫಿಸಲ್‌ಬಂಡಾದ ತಮ್ಮ ಜಮೀನಿನಲ್ಲಿ ವೇಧಶಾಲೆಯೊಂದನ್ನು ಸ್ಥಾಪಿಸಿದರು. ಅವರ ಕಾಲಾನಂತರ, ೧೯೦೮ರಲ್ಲಿ, ನಿಜಾಮ ಸರ್ಕಾರವು ಅದನ್ನು ವಹಿಸಿಕೊಂಡಿತು. ಬೇಗಂಪೇಟೆಯಲ್ಲಿ ಅದಕ್ಕೆ ನೆಲೆಯಾಯಿತು. ಇಡೀ ಆಕಾಶವನ್ನು ಗಾಜಿನ ಫಲಕಗಳ ಮೇಲೆ ಚಿತ್ರಿಸುವ ಯೋಜನೆಯೊಂದು ೧೮೮೭ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತ್ತು. ಲೋಕದ ವೇಧಶಾಲೆಗಳು ಆಕಾಶವನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡಾಗ, ವಿಷುವದ್ವೃತ್ತದ ದಕ್ಷಿಣಕ್ಕೆ ೧೭ರಿಂದ ೨೩ ಡಿಗ್ರಿಯವರೆಗಿನ ಪಟ್ಟಿಯು ಹೈದರಾಬಾದಿನ ಪಾಲಿಗೆ ಬಂದಿತು. ೮ ಅಂಗುಲದ ಕುಕ್ ದೂರದರ್ಶಕದಿಂದ ಈ ಕೆಲಸ ನಡೆಯಿತು. ೧೯೧೮ರಿಂದ ೧೯೪೪ರವರೆಗೆ ನಿರ್ದೇಶಕರಾಗಿದ್ದ ಟಿ. ಪಿ. ಭಾಸ್ಕರನ್ ಅವರ ಕಾಲದಲ್ಲಿ ಇದರ ಬಹುಭಾಗ ಮುಗಿಯಿತು. ಏಳೂವರೆ ಲಕ್ಷಕ್ಕೂ ಮಿಕ್ಕ ನಕ್ಷತ್ರಗಳ ಸ್ಥಾನಗಳು ೧೨ ಸಂಪುಟಗಳಲ್ಲಿ ಅಚ್ಚಾದವು.

ಅಲ್ಲಿ ಗಡಿಯಾರದ ಯಂತ್ರವು ಭೂಮಿಯ ತಿರುಗುವಿಕೆಗೆ ಎದುರಾಗಿ ದೂರದರ್ಶಕವನ್ನು ಮೆಲ್ಲಮೆಲ್ಲನೆ ಸರಿಸುತ್ತಿತ್ತು. ಆದುದರಿಂದ ತಾರೆಯು ಫಲಕದ ಮೇಲೆ ಚುಕ್ಕೆಯಾಗಿಯೇ ಉಳಿಯುತ್ತಿತ್ತು. ಇಂದಿನ ಹವ್ಯಾಸಿಯ ಕ್ರಮ ತದ್ವಿರುದ್ಧ. ಅವನ ಕ್ಯಾಮರಾ ಮುಕ್ಕಾಲಿಯ ಮೇಲೆ ಅಲುಗದೆ ನಿಂತಿರುತ್ತದೆ. ನಕ್ಷತ್ರಗಳು ಗಂಟೆಗೆ ೧೫ ಡಿಗ್ರಿಯಂತೆ ಸರಿಯುತ್ತವೆ.

ತೊಡಕಿರುವುದು ನಗರದ ಬೆಳಕಿನಲ್ಲಿ. ನಮ್ಮ ಹೋಟೆಲುಗಳ ನಾಮಫಲಕಗಳೂ ಅದರಲ್ಲಿ ಪಾಲುಗಾರರೇ! ವೇಧಶಾಲೆಯವರೇ ತಮ್ಮ ೪೮ ಅಂಗುಲದ ದೂರದರ್ಶಕಕ್ಕೆ ಊರಿನಿಂದ ಬಹುದೂರ ರಂಗಾಪುರದಲ್ಲಿ ಜಾಗ ಹುಡುಕಬೇಕಾಯಿತು. ಅದು ೧೯೬೮ರಲ್ಲಿ ಸಿದ್ಧವಾಯಿತು. ಮಾಳಿಗೆಯಲ್ಲಿ ಕ್ಯಾಮರಾದ ಕಣ್ಣನ್ನು ಗಂಟೆಗಟ್ಟಲೆ ತೆರೆದಿಟ್ಟರೆ ಚಿತ್ರವು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗುವುದೇ ಸರಿ. ಆದುದರಿಂದ ಹತ್ತೋ ಇಪ್ಪತ್ತೋ ಸೆಕೆಂಡುಗಳ ಚಿಕ್ಕ ಚಿತ್ರಗಳನ್ನು ನಡುವೆ ಬಿಡುವಿಲ್ಲದೆ ನೂರಾರು ತೆಗೆಯುತ್ತಾರೆ. ಬಳಿಕ ಅವನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು, ಪ್ರತಿಯೊಂದು ಬಿಂದುವಿನಲ್ಲಿಯೂ ಎಲ್ಲ ಚಿತ್ರಗಳ ಪೈಕಿ ಅತ್ಯಂತ ಉಜ್ವಲವಾದುದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಬೆಳಕನ್ನು ಕೂಡಿಸುತ್ತ ಹೋಗುವುದಿಲ್ಲವಾದುದರಿಂದ ಆಕಾಶವು ಬಿಳಿಚುವುದಿಲ್ಲ. ಸರಿದ ತಾರೆ ಮಾತ್ರ ಗೆರೆಯಾಗುತ್ತದೆ. ನಡುವೆ ಕೆಲವು ಸೆಕೆಂಡು ತಪ್ಪಿದರೂ ಗೆರೆಯು ತುಂಡಾಗುವುದು. ವಿಮಾನ ಹಾದ ಚಿತ್ರದಲ್ಲಿ ಅದರ ದೀಪದ ಸಾಲಿಗಷ್ಟೇ ಕಪ್ಪು ಬಳಿದರೆ ಸಾಕು.

ಇಷ್ಟು ತಿದ್ದುವುದು ನ್ಯಾಯವೇ. ಆದರೆ ಎಲ್ಲಿಯದೋ ಆಕಾಶವನ್ನು ತಂದು ಗೋಲ್ಕೊಂಡದ ನೆತ್ತಿಗೆ ಅಂಟಿಸುವವರೂ ಉಂಟು. ಇದನ್ನು ಮೋಸವೆನ್ನದೆ ವಿಧಿಯಿಲ್ಲ. ಅದನ್ನು ಪತ್ತೆಹಚ್ಚುವ ಅಳತೆಗೋಲು ಆಕಾಶದಲ್ಲಿಯೇ ಇದೆ. ತಾರೆಗಳ ವೃತ್ತಗಳ ನಡುವಣ ಬಿಂದುವಿಗೆ ಅತಿ ಹತ್ತಿರದಲ್ಲಿ ಧ್ರುವ ನಕ್ಷತ್ರವಿದೆ. ಆ ಬಿಂದುವು ದಿಗಂತದಿಂದ ಎಷ್ಟು ಎತ್ತರದಲ್ಲಿರುವುದೋ ಅಷ್ಟೇ ಆ ಊರಿನ ಅಕ್ಷಾಂಶ. ಹೈದರಾಬಾದಿನಲ್ಲಿ ಅದು ೧೭ ಡಿಗ್ರಿಗೆ ಸ್ವಲ್ಪ ಹೆಚ್ಚು: ತೋಳು ಚಾಚಿ ಹಿಡಿದ ಎರಡು ಮುಷ್ಟಿಗಳಷ್ಟೂ ಆಗದು. ಬಯಲಿನ ನೋಟದಲ್ಲಿ ಕೇಂದ್ರವು ಅದರ ಇಮ್ಮಡಿ ಎತ್ತರದಲ್ಲಿ ಕಂಡರೆ ಆ ಆಕಾಶ ಲಡಾಖಿನ ಕಡೆಯದಾಗಿರಬೇಕು.

ಉಡುಪಿಯಲ್ಲಿಯಾಗಲಿ ಮಂಗಳೂರಿನಲ್ಲಿಯಾಗಲಿ ಈ ಎತ್ತರ ಸುಮಾರು ೧೩ ಡಿಗ್ರಿ. ಎಂದರೆ, ಕರಾವಳಿಯಿಂದ ಇಲ್ಲಿಗೆ ದುಡಿಯಲು ಬಂದವರಿಗೆ ಧ್ರುವನು ಹುಟ್ಟೂರಿಗಿಂತ ನಾಲ್ಕು ಡಿಗ್ರಿ ಮೇಲೆ ನಿಂತಿದ್ದಾನೆ. ಕಲಬುರಗಿಯವರಿಗೆ ಹೆಚ್ಚುಕಡಮೆಯಿಲ್ಲ; ಅವರ ಊರೂ ಇದೇ ಅಕ್ಷಾಂಶದ ನೆರೆಯಲ್ಲಿದೆ.

ಮಳೆಗಾಲದಲ್ಲಿ ಈ ಕೆಲಸ ಸಾಗದು. ಕಾರ್ತಿಕದಿಂದ ಮಾಘದವರೆಗೆ ಅನುಕೂಲ. ನಡುರಾತ್ರಿ ಅಡುಗೆಮನೆ ತೊಳೆದು ಮುಗಿಸಿದವರು ಒಂದು ಗಂಟೆಗೆ ಮಾಳಿಗೆಯಲ್ಲಿ ಮುಕ್ಕಾಲಿ ಹೂಡಿ, ಉತ್ತರಕ್ಕೆ ಮುಖಮಾಡಿ, ಮೂರು ಗಂಟೆಯವರೆಗೆ ಬಿಟ್ಟರೆ ೩೦ ಡಿಗ್ರಿಯ ಗೆರೆ ದೊರೆಯುತ್ತದೆ. ಮಸೂರದ ಮೇಲೆ ಇಬ್ಬನಿ ಕೂರದಂತೆ ಆಗಾಗ ನೋಡಿಕೊಳ್ಳಬೇಕು, ಅಷ್ಟೇ.