ಆರೋಗ್ಯ ಸೇವೆಯಲ್ಲಿ ಜನತೆಯ ಪಾತ್ರ: ಘಾನಾ ದೇಶದ ನವ್ರೊಂಗೊ ಪ್ರಯೋಗ

ಆರೋಗ್ಯ ಸೇವೆಯಲ್ಲಿ ಜನತೆಯು ಪಾಲ್ಗೊಳ್ಳಬೇಕೆಂಬ ಮಾತನ್ನು ತಾವು ಅನೇಕ ಸಲ ಕೇಳಿದ್ದೀರಿ. 1978ರಲ್ಲಿ ಅಂದಿನ ಸೋವಿಯತ್ ಒಕ್ಕೂಟದ ಆಲ್ಮಾ-ಆಟಾ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಸಮ್ಮೇಳನವು, ತಮ್ಮ ಆರೋಗ್ಯ ರಕ್ಷಣೆಯ ಯೋಜನೆಯಲ್ಲಿಯೂ ಅದರ ಅನುಷ್ಠಾನದಲ್ಲಿಯೂ ಭಾಗವಹಿಸುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಸಾರಿತು. ಮಾತೇನೋ ಒಪ್ಪತಕ್ಕದ್ದೇ. ಆದರೆ ಪಾಲ್ಗೊಳ್ಳುವುದೆಂದರೆ ಏನು? ಊರಿನವರು ಕಲ್ಲು ಮಣ್ಣು ಹೊತ್ತು ಕಟ್ಟಡವನ್ನು ಎಬ್ಬಿಸಿ ಕೊಡುವುದೇ? ಸಂಬಳವಿಲ್ಲದೆ ಮಾತ್ರೆ ಹಂಚುವ ಸ್ವಯಂಸೇವಕರನ್ನು ಒದಗಿಸುವುದೇ? 1987ರಲ್ಲಿ ಮಾಲಿ ದೇಶದ ಬಮಾಕೊ ನಗರದಲ್ಲಿ ಸೇರಿದ ಆಫ್ರಿಕದ ಆರೋಗ್ಯ ಮಂತ್ರಿಗಳು ಮತ್ತೊಂದು ಅರ್ಥವನ್ನು ಮುಂದಿಟ್ಟರು. ಔಷಧಿಗೆ ಜನರು ಹಣ ಕೊಡಬೇಕು, ಆ ಹಣವನ್ನು ಊರಿನ ಸಮಿತಿಯೇ ನಿರ್ವಹಿಸಬೇಕು ಎಂಬುದು ಅವರ ಯೋಜನೆಯ ತಿರುಳು. ಹೀಗೆ ಒಂದೇ ಮಾತಿಗೆ ಹಲವು ಅರ್ಥಗಳು ಹುಟ್ಟಿಕೊಂಡವು. ಇವುಗಳಲ್ಲಿ ಯಾವುದು ಮಗುವಿನ ಪ್ರಾಣವನ್ನು ಉಳಿಸುತ್ತದೆ, ಯಾವುದು ತಾಯಿಗೆ ತನ್ನ ಹೆರಿಗೆಗಳ ನಡುವೆ ಅಂತರವನ್ನು ಕೊಡುತ್ತದೆ ಎಂಬುದನ್ನು ವಾದದಿಂದಲ್ಲದೆ ಎಣಿಕೆಯಿಂದ ತಿಳಿಯಲೆತ್ನಿಸಿದ ದೇಶಗಳು ಕೆಲವೇ. ಪಶ್ಚಿಮ ಆಫ್ರಿಕದ ಘಾನಾ ಅವುಗಳಲ್ಲಿ ಒಂದು.

ನವ್ರೊಂಗೊ ಎಂಬುದು ಘಾನಾ ದೇಶದ ಉತ್ತರದ ಅಂಚಿನಲ್ಲಿ, ಬುರ್ಕಿನಾ ಫಾಸೊ ಗಡಿಯ ಸಮೀಪದಲ್ಲಿರುವ ಒಂದು ಸಣ್ಣ ಪಟ್ಟಣ. ರಾಜಧಾನಿಯಾದ ಅಕ್ರಾ ಸಮುದ್ರ ತೀರದಲ್ಲಿದೆ. ಈ ಪಟ್ಟಣವಾದರೋ ದೇಶದ ಇನ್ನೊಂದು ತುದಿಯಲ್ಲಿದೆ. ವರ್ಷಕ್ಕೆ ಒಂದೇ ಮಳೆಗಾಲ, ಉಳಿದ ತಿಂಗಳುಗಳಲ್ಲಿ ಒಣ ನೆಲ. ಸಜ್ಜೆ, ನೆಲಗಡಲೆ ಮೊದಲಾದವು ಬೆಳೆಗಳು. ಜನರು ಒತ್ತಾಗಿ ಸೇರಿಕೊಂಡ ಊರುಗಳಲ್ಲಿ ವಾಸಿಸದೆ, ಹೊಲಗಳ ನಡುವೆ ಅಲ್ಲಲ್ಲಿ ಮಣ್ಣಿನ ಗೋಡೆಯ ದೊಡ್ಡ ಮನೆವಟ್ಟಾರಗಳನ್ನು ಕಟ್ಟಿಕೊಂಡು ಕೂಡು ಕುಟುಂಬಗಳಾಗಿ ಬಾಳುತ್ತಾರೆ. ಅಂದಿನ ಕಸೇನಾ-ನಂಕಾನಾ ಜಿಲ್ಲೆಯ ಈ ಭಾಗದಲ್ಲಿ ಮಲೇರಿಯ, ಅತಿಸಾರ, ದಡಾರಗಳಿಂದ ಮಕ್ಕಳು ಸಾಯುವುದು ನಿತ್ಯದ ಸಂಗತಿಯಾಗಿದ್ದಿತು.

ಇಲ್ಲಿನ ಸಂಶೋಧನೆಯು 1989ರಲ್ಲಿ 'ಎ' ಜೀವಸತ್ವದ ಪರೀಕ್ಷೆಯೊಂದಿಗೆ ಆರಂಭವಾಯಿತು. ಮಕ್ಕಳಿಗೆ ಕಾಲಕಾಲಕ್ಕೆ ಈ ಜೀವಸತ್ವವನ್ನು ಕೊಟ್ಟುದರಿಂದ ಅವರ ಮರಣವು ಶೇಕಡಾ 19ರಷ್ಟು ತಗ್ಗಿತು. ಅನಂತರ 1993ರಿಂದ 1995ರವರೆಗೆ ಕೀಟನಾಶಕದಲ್ಲಿ ಅದ್ದಿದ ಸೊಳ್ಳೆಪರದೆಗಳನ್ನು ಪರೀಕ್ಷಿಸಲಾಯಿತು. ಇದರಿಂದಲೂ ಮಕ್ಕಳ ಮರಣ ಶೇಕಡಾ 17ರಷ್ಟು ಕಡಿಮೆಯಾಯಿತು. ನವ್ರೊಂಗೊ ಆರೋಗ್ಯ ಸಂಶೋಧನಾ ಕೇಂದ್ರದ ಮೊದಲ ನಿರ್ದೇಶಕರಾದ ಡಾ. ಫ್ರೆಡ್ ಬಿಂಕಾ ಮತ್ತು ಅವರ ಸಂಗಡಿಗರ ಮುಂದೆ ಆಗ ಒಂದು ವಿಚಿತ್ರ ಪರಿಸ್ಥಿತಿ ಉಂಟಾಯಿತು. ಮಕ್ಕಳನ್ನು ಉಳಿಸುವ ಉಪಾಯಗಳು ತಿಳಿದಿದ್ದವು, ಅವು ದುಬಾರಿಯವೂ ಅಲ್ಲ. ಪರೀಕ್ಷೆ ನಡೆದಾಗ ಸಂಶೋಧಕರೇ ಮನೆಮನೆಗೆ ಹೋಗುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಆ ಮನೆಗಳಿಗೆ ಹೋಗುವವರು ಯಾರು?

ಹೋಗಬೇಕಾಗಿದ್ದವರು ಸರ್ಕಾರದ ಸಮುದಾಯ ಆರೋಗ್ಯ ದಾದಿಯರು. ಘಾನಾ ಸರ್ಕಾರವು ಇವರಿಗೆ ತರಬೇತಿ ಕೊಟ್ಟು ನೇಮಿಸಿದ್ದಿತು. ಆದರೆ ಹಳ್ಳಿಗಳಲ್ಲಿ ಅವರಿಗೆ ವಾಸದ ಮನೆಯಿರಲಿಲ್ಲ, ಓಡಾಡಲು ವಾಹನವಿರಲಿಲ್ಲ. ಆದುದರಿಂದ ಹೆಸರಿಗೆ ಸಮುದಾಯದವರಾದ ಈ ದಾದಿಯರು ಉಪಜಿಲ್ಲಾ ಆರೋಗ್ಯ ಕೇಂದ್ರಗಳಲ್ಲಿಯೇ ಕುಳಿತು, ಬಂದವರನ್ನು ನೋಡುತ್ತಿದ್ದರು. ಬರುವವರಾದರೂ ಎಷ್ಟು ಮಂದಿ? ಜ್ವರದಿಂದ ಬಳಲುವ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ತಾಯಿಯು ಮೈಲಿಗಟ್ಟಲೆ ನಡೆಯಬೇಕು; 1985ರಿಂದೀಚೆಗೆ ಸರ್ಕಾರಿ ಚಿಕಿತ್ಸೆಯ ಶುಲ್ಕವೂ ಏರಿದ್ದಿತು. ಸಿಬ್ಬಂದಿಯ ಕೊರತೆಯೆಂದು ದೂರುವುದು ಎಲ್ಲ ಕಡೆಯೂ ವಾಡಿಕೆ. ಇಲ್ಲಿ ಕೊರತೆ ಇದ್ದುದು ದಾದಿಯರದಲ್ಲ, ದಾದಿಯು ಇರುವ ಸ್ಥಳಕ್ಕೂ ರೋಗಿಯು ಇರುವ ಸ್ಥಳಕ್ಕೂ ನಡುವಣ ಸಂಬಂಧದ್ದು.

1994ರಲ್ಲಿ ಮೂರು ಗ್ರಾಮಗಳನ್ನು ಆರಿಸಿಕೊಂಡು ಪ್ರಾಯೋಗಿಕವಾಗಿ ಕೆಲಸ ಆರಂಭಿಸಲಾಯಿತು. ಮೊದಲು ಔಷಧಿಯನ್ನು ಕಳುಹಿಸಲಿಲ್ಲ, ಮಾತುಕತೆಗೆ ಜನರನ್ನು ಕಳುಹಿಸಿದರು. ಊರಿನ ಮುಖ್ಯಸ್ಥರು, ವಂಶಗಳ ಹಿರಿಯರು, ಹೆಂಗಸರ ಗುಂಪುಗಳು ಏನನ್ನು ಬಯಸುತ್ತಾರೆಂದು ಕೇಳಲಾಯಿತು. ಅವರ ಸಲಹೆಯಂತೆ ಯೋಜನೆಯನ್ನು ತಿದ್ದಿ, ಮತ್ತೆ ಅವರ ಮುಂದಿಡಲಾಯಿತು. ಊರಿನವರು ತಮ್ಮ ಶ್ರಮದಿಂದ, ತಮ್ಮ ಮನೆಗಳ ಮಾದರಿಯಲ್ಲಿಯೇ, ದಾದಿಗೆ ವಾಸಕ್ಕೂ ಚಿಕಿತ್ಸೆಗೂ ಆಗುವಂತಹ ಮನೆಯನ್ನು ಕಟ್ಟಿಕೊಟ್ಟರು. ಇಲಾಖೆಯು ಆಕೆಗೆ ಮೋಟಾರ್ ಸೈಕಲ್ ಒದಗಿಸಿತು. ಸುಮಾರು ತೊಂಬತ್ತು ದಿನಗಳಿಗೊಮ್ಮೆ ತನ್ನ ಕ್ಷೇತ್ರದ ಪ್ರತಿಯೊಂದು ಮನೆಗೂ ಭೇಟಿ ಕೊಡುವುದು ಆಕೆಯ ಕರ್ತವ್ಯ. ಹೀಗೆ ಊರಿನಲ್ಲಿ ನೆಲೆಸಿದ ಒಬ್ಬ ದಾದಿಯು ಒಂದು ಇಡೀ ಉಪಜಿಲ್ಲಾ ಕೇಂದ್ರವು ನೋಡುತ್ತಿದ್ದುದಕ್ಕಿಂತ ಹೆಚ್ಚು ಜನರಿಗೆ ಸೇವೆ ಸಲ್ಲಿಸಬಲ್ಲಳೆಂಬುದು ಬೇಗನೆ ತಿಳಿದುಬಂದಿತು.

ಊರಿನ ಜನರೆಲ್ಲ ನೆರೆಯುವ ಸಭೆಗೆ ಅಲ್ಲಿ 'ದರ್ಬಾರ್' ಎನ್ನುತ್ತಾರೆ. ಈ ಪದ ತಮಗೆ ಹೊಸದಲ್ಲ. ಮೈಸೂರಿನ ಅರಮನೆಯ ದರ್ಬಾರನ್ನು ಬಲ್ಲ ಕನ್ನಡಿಗರಿಗೆ ಇದು ದೂರದ ಆಫ್ರಿಕದಲ್ಲಿ ಕೇಳಿಬಂದರೆ ಆಶ್ಚರ್ಯವಾಗುವುದು ಸಹಜ; ಬ್ರಿಟಿಷ್ ಅಧಿಕಾರಿಗಳು ಭಾರತದಿಂದ ತಮ್ಮೊಡನೆ ಕೊಂಡೊಯ್ದ ಪದವಿದು. ಅಲ್ಲಿ ಅದು ಜನರದ್ದೇ ಆಗಿಹೋಗಿದೆ. ತಮಟೆ, ಕುಣಿತಗಳ ನಡುವೆ ಮುಖ್ಯಸ್ಥನು ಮಾತನಾಡುತ್ತಾನೆ, ಇತರರು ಪ್ರಶ್ನೆ ಕೇಳುತ್ತಾರೆ, ಒಪ್ಪಿಗೆಯೋ ಅಸಮ್ಮತಿಯೋ ಎಲ್ಲರ ಎದುರಿನಲ್ಲಿಯೇ ಪ್ರಕಟವಾಗುತ್ತದೆ. ಆರೋಗ್ಯದ ವಿಷಯವನ್ನು, ಅದರಲ್ಲಿಯೂ ಕುಟುಂಬ ಯೋಜನೆಯ ವಿಷಯವನ್ನು, ಈ ದರ್ಬಾರಿಗೇ ತರಲಾಯಿತು.

ಅದು ಸುಲಭದ ಕಾರ್ಯವಾಗಿರಲಿಲ್ಲ. ಈ ಸಮಾಜದಲ್ಲಿ ಗಂಡಿನ ಮನೆಯವರು ದನಕರುಗಳನ್ನು ತೆರವಾಗಿ ಕೊಟ್ಟು ಹೆಣ್ಣನ್ನು ತಂದುಕೊಳ್ಳುತ್ತಾರೆ. ತೆರ ಕೊಟ್ಟ ಮೇಲೆ ಆಕೆ ಹೆರುವ ಮಕ್ಕಳು ಗಂಡನ ವಂಶಕ್ಕೆ ಸಲ್ಲತಕ್ಕವರು. ಎಷ್ಟು ಮಕ್ಕಳೆಂಬುದನ್ನು ಆಕೆಯೊಬ್ಬಳೇ ನಿರ್ಧರಿಸುವುದು ಸಲ್ಲದೆಂಬ ಭಾವನೆ ಬಲವಾಗಿದ್ದಿತು. ಮುಖ್ಯ ವಿಷಯಗಳಲ್ಲಿ ಪೂರ್ವಜರ ಇಚ್ಛೆಯನ್ನು ತಿಳಿಯಲು ಗಂಡಸರು ಕಣಿ ಹೇಳುವವರ ಬಳಿ ಹೋಗುವುದೂ ಉಂಟು. ಸಂಶೋಧಕರು ಜನರನ್ನು ಮಾತನಾಡಿಸಿದಾಗ ಎರಡು ಬಗೆಯ ಅಂಜಿಕೆಗಳು ಹೊರಬಿದ್ದವು. ಗರ್ಭನಿರೋಧಕವನ್ನು ಬಳಸುವ ಹೆಂಡತಿಯು ತನ್ನ ಹಿಡಿತ ತಪ್ಪಿ ಹೋಗಬಹುದು, ಪರಪುರುಷರ ಸಂಗ ಮಾಡಬಹುದು ಎಂಬುದು ಗಂಡಸರ ಅಂಜಿಕೆ. ವಿಷಯ ತಿಳಿದರೆ ಗಂಡನು ಹೊಡೆದಾನು, ಇಡೀ ಕುಟುಂಬವೇ ತಿರುಗಿ ಬಿದ್ದೀತು ಎಂಬುದು ಹೆಂಗಸರ ಅಂಜಿಕೆ. ಆದುದರಿಂದಲೇ ಅನೇಕರು ಮೂರು ತಿಂಗಳಿಗೊಮ್ಮೆ ಪಡೆಯುವ ಚುಚ್ಚುಮದ್ದನ್ನು ಮೆಚ್ಚಿದರು. ಅದನ್ನು ಮನೆಯಲ್ಲಿ ಬಚ್ಚಿಡಬೇಕಾದ ಪ್ರಮೇಯವಿಲ್ಲ. ದಾದಿಯು ಬಾಗಿಲಿಗೇ ಬಂದು ನಿಂತರೂ ಈ ಅಂಜಿಕೆ ತಾನಾಗಿ ಕರಗುವಂತಹುದಲ್ಲವೆಂಬುದನ್ನು ತಾವು ಸುಲಭವಾಗಿ ಊಹಿಸಬಹುದು.

1996ರಲ್ಲಿ ಪ್ರಯೋಗವನ್ನು ಜಿಲ್ಲೆಗೆಲ್ಲ ವಿಸ್ತರಿಸಿದಾಗ ಅದನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿದರು. ಒಂದು ಭಾಗದಲ್ಲಿ ದಾದಿಯನ್ನು ಊರಿನಲ್ಲಿ ನೆಲೆಗೊಳಿಸಲಾಯಿತು, ಅಷ್ಟೇ. ಇನ್ನೊಂದರಲ್ಲಿ ದಾದಿಯಿಲ್ಲ, ಮುಖ್ಯಸ್ಥರು, ಹಿರಿಯರು, ಊರಿನ ಆರೋಗ್ಯ ಸಮಿತಿ, ಬೈಸಿಕಲ್ಲಿನ ಮೇಲೆ ಓಡಾಡಿ ಸಾಮಾನ್ಯ ಔಷಧಿಗಳನ್ನು ಕೊಡುವ ಸ್ವಯಂಸೇವಕರು ಇದ್ದರು. ಈ ಕ್ರಮಕ್ಕೆ 'ಜುರುಗೆಲು' ಎಂದು ಹೆಸರಿಟ್ಟರು. ಅಲ್ಲಿನ ಮಾತಿನಲ್ಲಿ ಒಗ್ಗಟ್ಟು ಎಂದರ್ಥ. ಮೂರನೆಯ ಭಾಗದಲ್ಲಿ ಎರಡನ್ನೂ ಕೂಡಿಸಲಾಯಿತು. ನಾಲ್ಕನೆಯದು ಹೋಲಿಕೆಗಾಗಿ, ಎಂದಿನ ಸೇವೆಯೊಂದಿಗೇ ಉಳಿಯಿತು. ಜಿಲ್ಲೆಯ ಮನೆಮನೆಯ ಜನನ, ಮರಣ, ವಲಸೆಗಳನ್ನು ಸಂಶೋಧನಾ ಕೇಂದ್ರವು ಮೊದಲೇ ತಪ್ಪದೆ ದಾಖಲೆ ಮಾಡುತ್ತಿದ್ದುದರಿಂದ ಫಲಿತಾಂಶವನ್ನು ಅಂದಾಜಿಗೆ ಬಿಡಬೇಕಾಗಿರಲಿಲ್ಲ.

ಫಲಿತಾಂಶವು ಎರಡು ಪಕ್ಷದವರನ್ನೂ ಸ್ವಲ್ಪ ನಿರಾಶೆಗೊಳಿಸುವಂತಹುದು. ಸ್ವಯಂಸೇವಕರು ಮಾತ್ರ ಇದ್ದ ಕಡೆ ಮಕ್ಕಳ ಮರಣ ಇಳಿಯಲಿಲ್ಲ. ಊರಿನವರ ಉತ್ಸಾಹವು ಎಷ್ಟಿದ್ದರೂ ಲಸಿಕೆ ಹಾಕುವ, ಕಠಿಣವಾದ ಜ್ವರವನ್ನು ಗುರುತಿಸುವ ತರಬೇತಿ ಪಡೆದ ಕೈ ಬೇಕೇ ಬೇಕು. ದಾದಿ ನೆಲೆಸಿದ ಕಡೆ ಮಕ್ಕಳ ಮರಣವು ಸ್ಪಷ್ಟವಾಗಿ ಇಳಿಯಿತು. ಮೂರು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದು 2006ರಲ್ಲಿ ಪ್ರಕಟವಾದ ವರದಿಯು ಹೇಳಿತು. ಬೇರೆ ವಿಧಾನದಿಂದ ಮಾಡಿದ ಲೆಕ್ಕವು ಇದಕ್ಕಿಂತ ಕಡಿಮೆಯೆಂದು ತೋರಿಸಿದೆ, ಇಳಿದುದಂತೂ ನಿಜ. ಆದರೆ ಕುಟುಂಬ ಯೋಜನೆಯ ವಿಷಯದಲ್ಲಿ ದಾದಿಯೊಬ್ಬಳಿಂದಲೇ ಹೆಚ್ಚೇನೂ ಆಗಲಿಲ್ಲ. ದಾದಿಯೂ ದರ್ಬಾರೂ ಕೂಡಿದ ಭಾಗದಲ್ಲಿಯೇ ಜನನ ಪ್ರಮಾಣವು ಮೊದಲ ಮೂರು ವರ್ಷಗಳಲ್ಲಿ ಶೇಕಡಾ 15ರಷ್ಟು, ಎಂದರೆ ಹೆಣ್ಣೊಬ್ಬಳ ಜೀವಿತದಲ್ಲಿ ಸುಮಾರು ಒಂದು ಹೆರಿಗೆಯಷ್ಟು, ತಗ್ಗಿತು. ಗಂಡಸರು ಎಲ್ಲರೆದುರು ಕೇಳಿ, ವಾದಿಸಿ, ಒಪ್ಪಿದ ವಿಷಯಕ್ಕೆ ಹೆಂಗಸರು ಅಂಜಬೇಕಾದುದು ಕಡಿಮೆ. ಜನತೆಯ ಸಹಕಾರದ ಬೆಲೆ ಇಲ್ಲಿದೆ. ದಾದಿಯ ಸಂಬಳವನ್ನು ಉಳಿಸುವುದರಲ್ಲಿಲ್ಲ.

ವೆಚ್ಚದ ಪ್ರಶ್ನೆಯನ್ನೂ ತಾವು ಕೇಳಬಹುದು. ಪ್ರಾಥಮಿಕ ಆರೋಗ್ಯಕ್ಕೆ ತಲೆಗೆ ವರ್ಷಕ್ಕೆ 6.80 ಡಾಲರ್ ವ್ಯಯವಾಗುತ್ತಿದ್ದಲ್ಲಿ ಈ ಕ್ರಮದಿಂದ 1.92 ಡಾಲರ್ ಹೆಚ್ಚಿತು. ಬಡ ದೇಶಕ್ಕೆ ಅದು ಅಲ್ಪ ಮೊತ್ತವಲ್ಲ. ಆದರೂ ಘಾನಾ ಸರ್ಕಾರವು 1999ರಲ್ಲಿ ಇದನ್ನು ರಾಷ್ಟ್ರೀಯ ನೀತಿಯಾಗಿ ಅಂಗೀಕರಿಸಿತು.

ಒಂದು ಜಿಲ್ಲೆಯಲ್ಲಿ ಸಾಧ್ಯವಾದುದು ದೇಶಕ್ಕೆಲ್ಲ ಹರಡುವಾಗ ವೇಗವು ಕುಗ್ಗಿತು. ಕಾರ್ಯಕ್ರಮವನ್ನು ಆರಂಭಿಸಲು ಆರು ಹಂತಗಳನ್ನು ಗೊತ್ತುಪಡಿಸಲಾಗಿದ್ದಿತು: ಯೋಜನೆ ತಯಾರಿಸುವುದು, ಊರಿನವರೊಡನೆ ಮಾತುಕತೆ, ದಾದಿಯ ಮನೆ, ಸಲಕರಣೆಗಳು, ದಾದಿಯ ನೇಮಕ, ಸ್ವಯಂಸೇವಕರ ನೇಮಕ. ಅನೇಕ ಜಿಲ್ಲೆಗಳ ಅಧಿಕಾರಿಗಳ ಕಣ್ಣಿಗೆ ಬಿದ್ದುದು ಮೂರನೆಯದೊಂದೇ. ನವ್ರೊಂಗೊ ಜನರು ತಾವೇ ಮಣ್ಣಿನಿಂದ ಎಬ್ಬಿಸಿದ್ದ ಮನೆಯ ಬದಲು ಸಿಮೆಂಟಿನ ಕಟ್ಟಡ ಮಂಜೂರಾಗಲಿ ಎಂದು ವರ್ಷಗಟ್ಟಲೆ ಕಾದರು. ಮಾತುಕತೆಯ ಎರಡನೆಯ ಹಂತಕ್ಕೆ ಗುತ್ತಿಗೆದಾರನು ಬೇಕಿಲ್ಲ, ಮಂಜೂರಾತಿಯೂ ಬೇಕಿಲ್ಲ. ಅದನ್ನೇ ಹಿಂದಕ್ಕೆ ತಳ್ಳಲಾಯಿತು. ಹೀಗಾಗಿ 2010ರಲ್ಲಿ, ನವ್ರೊಂಗೊ ಇರುವ ಆ ಉತ್ತರ ಪ್ರದೇಶದಲ್ಲಿಯೇ, ಈ ಕಾರ್ಯಕ್ರಮವನ್ನು ಬೇಗನೆ ಹಬ್ಬಿಸುವ ಬಗೆ ಹೇಗೆಂದು ತಿಳಿಯಲು ಮತ್ತೊಂದು ಸಂಶೋಧನೆಯನ್ನು ಹೂಡಬೇಕಾಯಿತು.