ಗುಂಡಿ ಒತ್ತಿದರೂ ಪೆಡಲು ಭಾರವಾಗದೇಕೆ?
2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆಯನ್ನು ಕಂಡ ಗದಗಿನ ಮಕ್ಕಳಿಗೆ ಸೈಕಲ್ ಹುಚ್ಚು ಹೊಸದಲ್ಲ. ಈಗ ಮನೆಯೊಳಗೇ ಏರು ತುಳಿಸುವ ‘ಸ್ಮಾರ್ಟ್ ಟ್ರೈನರ್’ ಬಂದಿದೆ. 2023ರಲ್ಲಿ ಝ್ವಿಫ್ಟ್ ಕಂಪನಿ ತಂದ ಬಗೆಯಲ್ಲಿ ಚೈನು ಒಂದೇ ಹಲ್ಲುಗಾಲಿಯ ಮೇಲಿರುತ್ತದೆ. ಗುಂಡಿ ಒತ್ತಿದರೆ ಬದಲಾಗುವುದು ಗೇರಲ್ಲ, ತಡೆ.

ಈ ತಡೆ ಎಲ್ಲಿಂದ ಬಂತು? ಅಯಸ್ಕಾಂತದ ಬಳಿ ಲೋಹದ ಚಕ್ರ ತಿರುಗಿದರೆ ಅದರಲ್ಲಿ ಸುಳಿ ಪ್ರವಾಹ ಹುಟ್ಟಿ ಚಲನೆಯನ್ನೇ ವಿರೋಧಿಸುತ್ತದೆ. ತಾಮ್ರದ ಕೊಳವೆಯೊಳಗೆ ಬಿಟ್ಟ ಅಯಸ್ಕಾಂತ ತೇಲಿದಂತೆ ಇಳಿಯುವುದೂ ಇದರಿಂದಲೇ. ನೋಡಲೇಬೇಕಾದ ಪ್ರಯೋಗ!

ಸವಾರ, ಸೈಕಲ್ ಸೇರಿ 80 ಕಿಲೋ ಇದ್ದರೆ, 100 ಮೀಟರಿಗೆ 5 ಮೀಟರ್ ಏರುವ ದಾರಿಯಲ್ಲಿ ಹಿಂದಕ್ಕೆಳೆಯುವ ಬಲ ಸುಮಾರು 39 ನ್ಯೂಟನ್. ಯಂತ್ರ ಇಷ್ಟನ್ನು ಕೊಡಬೇಕು. ಆದರೆ ಚಕ್ರ ತೀರ ನಿಧಾನವಾದರೆ ಸುಳಿ ಪ್ರವಾಹ ಕುಗ್ಗಿ ಅಯಸ್ಕಾಂತ ಸೋಲುತ್ತದೆ. ಚೈನನ್ನು ಮುಂದಿನ ದೊಡ್ಡ ಹಲ್ಲುಗಾಲಿಗೆ ಹಾಕಿ ನೋಡಿ, ಚಕ್ರದ ವೇಗ ಹೆಚ್ಚಿ ತಡೆ ಮರಳೀತು.

ರಿಪೇರಿಗೆ ದುಡ್ಡು ಸುರಿಯುವ ಮುನ್ನ ಪಾಲಕರು ಇನ್ನೊಂದನ್ನು ಗಮನಿಸಬೇಕು. ‘ಅರ್ಗ್’ ವಿಧಾನ ಚಾಲೂ ಇದ್ದರೆ 150 ವ್ಯಾಟ್ ಎಂದರೆ 150 ವ್ಯಾಟೇ. ಗುಂಡಿಯ ಆಟ ನಡೆಯದು. ಎರಡು ಆ್ಯಪ್‌ಗಳು ಒಟ್ಟಿಗೇ ಯಂತ್ರವನ್ನು ಆಳಹೊರಟರೂ ಗೊಂದಲವೇ, ಒಂದನ್ನು ಮುಚ್ಚಿ. ಸವಾರನ ತೂಕ ತಪ್ಪಾಗಿ ನಮೂದಾಗಿದ್ದರೆ ಏರಿನ ಲೆಕ್ಕವೂ ತಪ್ಪುತ್ತದೆ.